ಜೆ.ಸಿ. ನಗರದ ಸ್ಮಾರಕದಲ್ಲಿ ಮುತ್ತಾತನ ಹೆಸರು ಇಲ್ಲದಿರುವುದಕ್ಕೆ

ನಿಮ್ಮ ಮುತ್ತಾತ ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯಲ್ಲಿ ಹೋರಾಡಿದ್ದರೂ, ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಆ ಪಡೆಯ ಸ್ಮಾರಕದಲ್ಲಿ ಅವರ ಹೆಸರು ಯಾಕಿಲ್ಲ ಅಂತ ಕೇಳಿದ್ದೀರಿ. ಬಹುಶಃ ಅವರು ಜೀವಂತ ವಾಪಸ್ ಬಂದಿದ್ದಕ್ಕೇ ಹೆಸರು ಇಲ್ಲ. ಇಂಥ ಕಲ್ಲುಗಳ ಮೇಲೆ ಸತ್ತವರ ಹೆಸರನ್ನಷ್ಟೇ ಕೆತ್ತುವುದು ವಾಡಿಕೆ. ಈಗಿನ ಇಸ್ರೇಲಿನ ಹೈಫಾದಿಂದ ಬಂದ ಮೇಲೆ ಜಮೀನು ಸಿಕ್ಕಿತು ಅಂತ ನೀವೇ ಬರೆದಿದ್ದೀರಿ, ಅಲ್ವಾ?

ಮೊದಲು ಮನೆಯ ಹಳೇ ಪೆಟ್ಟಿಗೆ ತೆಗೆಯಿರಿ. ಪದಕ ಇದ್ದರೆ ಮುಖ ನೋಡಬೇಡಿ, ಅಂಚು ನೋಡಿ. ಮೊದಲ ಮಹಾಯುದ್ಧದ ದುಂಡನೆಯ ಪದಕಗಳ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ, ಸೈನಿಕನ ನಂಬರ್, ಹೆಸರು, ಪಡೆಯ ಹೆಸರು ಸಣ್ಣಕ್ಷರದಲ್ಲಿ ಇರುತ್ತವೆ. ಟಾರ್ಚ್ ಓರೆಯಾಗಿ ಹಿಡಿದರೆ ಓದಬಹುದು. ಉಜ್ಜಿ ಹೊಳಪು ಮಾಡಲು ಹೋಗಬೇಡಿ, ಅಕ್ಷರ ಸವೆಯುತ್ತದೆ.

ಆ ನಂಬರ್ ಹಿಡಿದು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಸುಮ್ನೆ ಸೇನೆಯ ಕಚೇರಿಗಳಿಗೆ ಅಲೆಯಬೇಡಿ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಸಂಸ್ಥಾನದ ಪಡೆ. ಹಾಗಾಗಿ ಸಂಸ್ಥಾನದ ಕಡತಗಳನ್ನೇ ಕೇಳಬೇಕು. ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲೂ ವಿಚಾರಿಸಿ. ಸಾಮಾನ್ಯ ಸವಾರನ ಹೆಸರು ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಜಮೀನಿನ ದಾಖಲೆಯೇ ಜಾಸ್ತಿ ಕೈಹಿಡಿಯಬಹುದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ಹಳೇ ದಾಖಲೆಗಳ ನಕಲಿಗೆ ಅರ್ಜಿ ಹಾಕಿ.

ಅಕಸ್ಮಾತ್ ವಾಪಸ್ ಬಂದರು ಅನ್ನೋ ಮಾತು ತಪ್ಪಾಗಿದ್ದು, ಅವರು ಅಲ್ಲೇ ತೀರಿಕೊಂಡಿದ್ದರೆ ದಾರಿ ಬೇರೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ. ಅಪ್ಪನ ಹೆಸರು, ಊರಿನ ಹೆಸರು ಕೈಯಲ್ಲಿರಲಿ. ಹೆಸರಿನಲ್ಲಿ ಅರಸು ಅಂತಿದ್ದರೆ ಅರಸು, ಅರಸ್, ಅರ್ಸ್ ಹೀಗೆ ಎಲ್ಲ ಬಗೆಯ ಕಾಗುಣಿತದಲ್ಲೂ ಹಾಕಿ ನೋಡಿ.