ಪುಟ್ಟ ಮನೆಗೊಂದು ಜಗಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ವಸತಿ ಯೋಜನೆಯಡಿ ಕಟ್ಟಿಕೊಂಡ ನಮ್ಮ ಮನೆಯ ಮುಂಭಾಗ 14 ಅಡಿ, ಉದ್ದ 20 ಅಡಿ, ಮೇಲೆ ಆರ್‌ಸಿಸಿ ಚಾವಣಿ. ಬಾಗಿಲು ತೆರೆದರೆ ನೇರ ಅಂಗಳ. ಬಂದವರನ್ನು ಹೊರಗೆ ಕೂರಿಸಲು ಜಾಗವಿಲ್ಲ, ಒಳಗೆ ಕರೆದರೆ ನಾವು ಮಲಗುವಲ್ಲೇ ಕೂರಿಸಬೇಕು. ಮಂಡಿನೋವಿರುವ ತಾಯಿ ಹೊಸ್ತಿಲ ಬಳಿ ಕುಳಿತೇ ಅಡಕೆ ಸುಲಿಯುತ್ತಾರೆ. ಜಗಲಿಗಾಗಿ ಚಾವಣಿಯನ್ನೇ ಮುಂದಕ್ಕೆ ಎಳೆಯೋಣ ಎನ್ನುತ್ತಾರೆ ಮೇಸ್ತ್ರಿ. ಮನೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಳೆಯ ಇರಚಲಿನ ಭಯವಿದೆ. ಮುಂದಿರುವ ಒಂದೇ ಕಿಟಕಿಗೆ ಕತ್ತಲಾದೀತೆಂಬ ಭಯವೂ ಇದೆ. ಏನು ಮಾಡಬೇಕು?

ಉತ್ತರ: ನಿಮ್ಮದು 280 ಚದರಡಿಯ, ಅಂದರೆ ಸುಮಾರು 26 ಚದರ ಮೀಟರಿನ ಮನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿಯಾಗಿರುವ ಕನಿಷ್ಠ ವಿಸ್ತೀರ್ಣವೇ 25 ಚದರ ಮೀಟರ್ ಆಗಿರುವುದರಿಂದ, ನಿಮ್ಮ ತೊಂದರೆ ರಾಜ್ಯದ ಎಷ್ಟೋ ಮನೆಗಳ ತೊಂದರೆಯೂ ಹೌದು. ಇಂಥ ಮನೆಗೆ ಜಗಲಿಯೆಂಬುದು ಅಲಂಕಾರವಲ್ಲ, ಒಳಗೆ ಸಿಗದೇ ಹೋದ ಒಂದು ಕೋಣೆ. ಆದ್ದರಿಂದ ಅದನ್ನು ಕೋಣೆಯಷ್ಟೇ ಎಚ್ಚರದಿಂದ ಅಳೆದು ಕಟ್ಟಬೇಕು.

ಮೊದಲಿಗೆ, ಚಾವಣಿಯನ್ನು ಎಳೆಯುವ ಯೋಚನೆಯನ್ನು ಬಿಡಿ. ಗೋಡೆಯಿಂದಾಚೆ ಚಾಚಿ ನಿಲ್ಲುವ ಚಾವಣಿಯ ಕಂಬಿಗಳು ಒಳಗಿನ ಚಾವಣಿಯಲ್ಲಿ ಬಹಳಷ್ಟು ಹಿಂದಕ್ಕೆ ಹೋಗಿ ಹಿಡಿದಿರಬೇಕು. ಅದು ಕಾಂಕ್ರೀಟು ಹಾಕುವ ಮೊದಲೇ ಆಗಬೇಕಾದ ಕೆಲಸ. ಈಗ ಅಂಚನ್ನು ಒಡೆದು ಕಂಬಿಗೆ ಕಂಬಿ ಕಟ್ಟಿದರೆ ಬಲ ಬರುವುದಿಲ್ಲ, ಮಲೆನಾಡಿನ ಮಳೆಗೆ ಆ ಬೆಸುಗೆಯೇ ನೀರಿಳಿಯುವ ದಾರಿಯಾಗುತ್ತದೆ. ತನ್ನದೇ ಕಂಬಗಳ ಮೇಲೆ ನಿಲ್ಲುವ ಹೆಂಚಿನ ಮಾಡು ನಿಮಗೆ ಸರಿ. ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಯಲ್ಲಿ ತಯಾರಾಗತೊಡಗಿದಂದಿನಿಂದ ಇಂಥ ಮಳೆಯನ್ನು ತಡೆದುಕೊಂಡು ಬಂದಿದೆ. ಹಳೆಯ ಮನೆ ಬಿಚ್ಚಿದ ಕಡೆ ಸಿಗುವ ಹೆಂಚನ್ನು ಬೆರಳಿನಿಂದ ತಟ್ಟಿ ನೋಡಿ. ಠಣ್ಣೆಂದು ಸದ್ದು ಬಂದರೆ ಧಾರಾಳವಾಗಿ ಕೊಳ್ಳಬಹುದು.

ಗೋಡೆಯಿಂದ ಅಂಗಳದ ಕಡೆಗೆ ಐದು ಅಡಿ ಬಿಡಿ. ಮೂರು ಅಡಿಯ ಜಗಲಿ ಚಪ್ಪಲಿ ಬಿಡುವುದಕ್ಕೇ ಮುಗಿದುಹೋಗುತ್ತದೆ. ಐದು ಅಡಿ ಇದ್ದರೆ ಒಂದೂವರೆ ಅಡಿಯ ಕಟ್ಟೆ ಕಟ್ಟಿಯೂ ಕುಳಿತವರ ಕಾಲು ತುಳಿಯದೆ ಓಡಾಡಬಹುದು. ಹಣ ಸಾಲದಿದ್ದರೆ ಮನೆಯ ಮುಂಭಾಗದ ಅರ್ಧಕ್ಕೆ ಮಾತ್ರ ಜಗಲಿ ಕಟ್ಟಿ, ಆದರೆ ಈ ಐದು ಅಡಿಯನ್ನು ಕಡಿಮೆ ಮಾಡಬೇಡಿ.

ಇನ್ನು ಎತ್ತರದ ಲೆಕ್ಕ. ಅನೇಕ ಜಗಲಿಗಳು ಕೆಡುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲಿನ ಮಳೆಗೆ ಹೆಂಚಿನ ಮಾಡು ಮೂವತ್ತು ಡಿಗ್ರಿಯಷ್ಟು, ಎಂದರೆ ಅಡಿಗೆ ಸುಮಾರು ಏಳು ಇಂಚು ಇಳಿಯಬೇಕು. ಐದು ಅಡಿ ಜಗಲಿ, ಅದರಾಚೆ ಒಂದೂವರೆ ಅಡಿ ಸೂರು ಎಂದರೆ ಒಟ್ಟು ಆರೂವರೆ ಅಡಿ. ಅಷ್ಟರಲ್ಲಿ ಮಾಡು ಮೂರು ಮುಕ್ಕಾಲು ಅಡಿ ಕೆಳಗೆ ಬರುತ್ತದೆ. ಚಾವಣಿ ಒಳನೆಲದಿಂದ ಹತ್ತು ಅಡಿ ಎತ್ತರದಲ್ಲಿದ್ದು, ಮಾಡಿನ ತಲೆಯನ್ನು ಒಂಬತ್ತೂವರೆ ಅಡಿಯಲ್ಲಿ ಗೋಡೆಗೆ ಕೂರಿಸಿದರೆ, ಸೂರಿನ ತುದಿ ಆರು ಅಡಿಗಿಂತಲೂ ತಗ್ಗಿಗೆ ಬಂದು ಬಂದವರ ಹಣೆಗೆ ತಾಗುತ್ತದೆ. ಜಗಲಿಯ ನೆಲವನ್ನು ಒಳನೆಲಕ್ಕಿಂತ ಒಂದು ಮೆಟ್ಟಿಲು, ಅಂದರೆ ಆರು ಇಂಚು ತಗ್ಗಿಸಿ. ಆಗ ತುದಿಯ ಕೆಳಗೆ ಆರೂಕಾಲು ಅಡಿ ಸಿಗುತ್ತದೆ, ಜಗಲಿಗೆ ಬಿದ್ದ ನೀರು ಹೊಸ್ತಿಲು ದಾಟುವುದೂ ತಪ್ಪುತ್ತದೆ. ನೆಲಕ್ಕೆ ಅಂಗಳದ ಕಡೆಗೆ ಅಡಿಗೆ ಕಾಲು ಇಂಚಿನ ವಾಟ ಇರಲಿ. ನುಣುಪಾದ ಟೈಲ್ಸ್ ಬೇಡವೇ ಬೇಡ. ಮಳೆಗಾಲದಲ್ಲಿ ಮಂಡಿನೋವಿನವರಿಗೆ ಅದು ಅಪಾಯ. ಒರಟು ಕಲ್ಲು ಚಪ್ಪಡಿ ಹಾಸಿ, ರೆಡ್ ಆಕ್ಸೈಡಿನ ಆಸೆಯಿದ್ದರೆ ಕಟ್ಟೆಯ ಮೇಲೆ ಮಾತ್ರ ತೀರಿಸಿಕೊಳ್ಳಿ.

ಚಾವಣಿಯ ಅಂಚು ಗೋಡೆಯಿಂದ ಆಚೆ ಚಾಚಿದ್ದರೆ ಮೇಲಿನ ಸಾಲಿನ ಹೆಂಚನ್ನು ಅದರ ಅಡಿಗೆ ತೂರಿಸಿ, ಗೋಡೆಗೂ ಹೆಂಚಿಗೂ ನಡುವಿನ ಸಂದು ತಾನಾಗಿಯೇ ಮರೆಯಾಗುತ್ತದೆ. ಚಾವಣಿಯ ನೀರು ಮುಂದಕ್ಕೆ ಬೀಳುವಂತಿದ್ದರೆ ಆ ಕೊಳವೆಯನ್ನು ಮೊದಲು ಪಕ್ಕದ ಗೋಡೆಗೆ ತಿರುಗಿಸಿ. ಹೊರಸಾಲಿಗೆ ನಾಲ್ಕು ಕಂಬ ಸಾಕು. ಮರದ ಕಂಬವಾದರೆ ಗೆದ್ದಲು ಮತ್ತು ತೇವ ತಾಗದಂತೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿ. ಇಷ್ಟು ಮಾಡಿಗೆ, ಚದರ ಮೀಟರಿಗೆ 15ರಂತೆ, ಸುಮಾರು 160 ಹೆಂಚು ಬೇಕಾದೀತು. ಅವುಗಳಲ್ಲಿ ನಾಲ್ಕೈದು ಗಾಜಿನ ಹೆಂಚಿರಲಿ. ಅವನ್ನು ಕಿಟಕಿಯ ಎದುರಿನ ಸಾಲಿನಲ್ಲಿ ಹಾಕಿಸಿ, ಗೋಡೆಗೆ ಸುಣ್ಣ ಹೊಡೆದರೆ ನೀವು ಹೆದರಿದಷ್ಟು ಕತ್ತಲಾಗುವುದಿಲ್ಲ. ಇರಚಲಿಗೆ ಒಂದೂವರೆ ಅಡಿಯ ಸೂರು ಎಲ್ಲ ದಿನವೂ ಸಾಲದು. ಜಡಿಮಳೆಯ ತಿಂಗಳುಗಳಲ್ಲಿ ಕಂಬಗಳ ನಡುವೆ ಸೋಗೆಯ ತಟ್ಟಿ ಕಟ್ಟಿ, ಮಳೆ ಹಿಂದೆಗೆದ ಮೇಲೆ ಬಿಚ್ಚಿಡುವ ನಿಮ್ಮೂರಿನ ಕ್ರಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕೊಡಗಿನ ಐನ್‌ಮನೆಗಳಲ್ಲಿ, ಎಂದರೆ ಕುಟುಂಬದ ಮೂಲಮನೆಗಳಲ್ಲಿ, ಕೈಯಾಲೆ ಎಂದು ಕರೆಯುವ ಮುಂಜಗಲಿಯ ಕಂಬಗಳ ನಡುವೆ ಅಗಲವಾದ ಹಲಗೆ ಕೂರಿಸಿ ಅದನ್ನೇ ಆಸನ ಮಾಡಿರುತ್ತಾರೆ. ಜಾಗ ಉಳಿಸುವ ಸೊಗಸಾದ ಉಪಾಯವದು. ಆದರೆ ಪಶ್ಚಿಮದ ಮಳೆ ನೇರವಾಗಿ ಬಡಿಯುವ ನಿಮ್ಮ ಜಗಲಿಯಲ್ಲಿ ಕಟ್ಟೆಯನ್ನು ಗೋಡೆಗೆ ಒರಗಿಸಿಯೇ, ಬಾಗಿಲಿನ ಎರಡೂ ಬದಿಗೆ ಕಟ್ಟಬೇಕು. ಎತ್ತರ 16 ಇಂಚು. ತಾಯಿಯವರು ಕೂರುವ ಬದಿ 18 ಇಂಚು ಇರಲಿ, ಎದ್ದೇಳುವಾಗ ಮಂಡಿಯ ಮೇಲೆ ಭಾರ ಕಡಿಮೆ ಬೀಳುತ್ತದೆ. ಕಟ್ಟೆಯ ಮೇಲ್ಚಪ್ಪಡಿ ಕೆಳಗಿನ ಗೋಡೆಗಿಂತ ಮೂರು ಇಂಚು ಮುಂದಕ್ಕೆ ಚಾಚಿರಬೇಕೆಂದು ಮೇಸ್ತ್ರಿಗೆ ಒತ್ತಿ ಹೇಳಿ. ಮನುಷ್ಯರು ಏಳುವಾಗ ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ; ಅದಕ್ಕೆ ಎಡೆಯಿಲ್ಲದ ಕಟ್ಟೆಯಲ್ಲಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಕಟ್ಟೆಯ ಅಂಚನ್ನು ಗುಂಡಗೆ ಮಾಡಿಸಿ. ಅಂಗಳದಿಂದ ಹತ್ತುವ ಮೆಟ್ಟಿಲು ಬಾಗಿಲಿನ ನೇರಕ್ಕಿರಲಿ, ಪ್ರತಿ ಮೆಟ್ಟಿಲು ಆರು ಇಂಚು ಎತ್ತರ, ಒಂದು ಅಡಿ ಅಗಲ. ಒಂದು ಬದಿಗೆ ಕೈಹಿಡಿ ಹಾಕಿಸಿ.

ಮನೆಯ ಕೊನೆಯ ಕಂತು ಬಾಕಿಯಿದ್ದರೆ ಅದು ಕೈಸೇರಿದ ಮೇಲೆಯೇ, ಗ್ರಾಮ ಪಂಚಾಯಿತಿಗೆ ತಿಳಿಸಿ, ಕೆಲಸ ಆರಂಭಿಸಿ.

ಪ್ರಶ್ನೆ: ಗದಗ ಜಿಲ್ಲೆಯ ಎರೆಭೂಮಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಮುಂದೆ ಕಟ್ಟಿಸಿದ ಕಟ್ಟೆ ಪ್ರತಿ ಬೇಸಿಗೆಯಲ್ಲೂ ಗೋಡೆಯಿಂದ ಬಿಡುತ್ತದೆ. ಎಷ್ಟು ಸಿಮೆಂಟು ತುಂಬಿದರೂ ಮತ್ತೆ ಬಿರುಕು.

ಉತ್ತರ: ಸಿಮೆಂಟು ತುಂಬುವುದನ್ನು ನಿಲ್ಲಿಸಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ಅಡಿಪಾಯ ಆಳದಲ್ಲಿದೆ, ಕಟ್ಟೆಯದು ಮೇಲ್ಮಣ್ಣಿನಲ್ಲಿದೆ. ಹೀಗಾಗಿ ಎರಡೂ ಬೇರೆಬೇರೆಯಾಗಿ ಅಲುಗಾಡುತ್ತವೆ. ಅವನ್ನು ಒಂದಾಗಿ ಕಟ್ಟಿದಷ್ಟೂ ಬಿರುಕು ಗೋಡೆಯೊಳಕ್ಕೆ ಹೋಗುವ ಅಪಾಯವೇ ಹೆಚ್ಚು. ನನ್ನ ಸಲಹೆಯೆಂದರೆ ಗಾರೆಯ ಕಟ್ಟೆಯನ್ನೇ ತೆಗೆದುಬಿಡಿ. ಆ ಜಾಗದ ಎರೆಮಣ್ಣನ್ನು ಎರಡು ಮೂರು ಅಡಿ ತೋಡಿ ಹೊರಹಾಕಿ, ಗರಸನ್ನು, ಅಂದರೆ ಹರಳುಗಲ್ಲು ಬೆರೆತ ಗಟ್ಟಿ ಮಣ್ಣನ್ನು, ಪದರಪದರವಾಗಿ ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಅದರ ಮೇಲೆ ಕಲ್ಲಿನ ಕಾಲುಗಳನ್ನು ನಿಲ್ಲಿಸಿ, ದಪ್ಪನೆಯ ಶಹಾಬಾದ್ ಫರ್ಸಿಯನ್ನು ಗೋಡೆಗೆ ತಾಗದಂತೆ ಅರ್ಧ ಇಂಚು ಬಿಟ್ಟು ಹಾಸಿ. ಎರಡೂವರೆ ಅಡಿಗೊಂದು ಆಧಾರವಿರಲಿ. ಇಂಥ ಕಟ್ಟೆ ಸ್ವಲ್ಪ ವಾಲಿದರೂ ಫರ್ಸಿ ಎತ್ತಿ ಮಟ್ಟ ಮಾಡಿಕೊಳ್ಳಬಹುದು. ಬಚ್ಚಲಿನ ನೀರಾಗಲಿ, ದಿನವೂ ನೀರುಣಿಸುವ ಗಿಡವಾಗಲಿ ಗೋಡೆಯ ಬುಡದಲ್ಲಿ ಬೇಡ.

ಪ್ರಶ್ನೆ: ಬೆಂಗಳೂರಿನಲ್ಲಿ 20x30 ನಿವೇಶನದ ಮನೆ ನಮ್ಮದು. ಮುಂದೆ ಬಿಟ್ಟಿರುವ ಜಾಗಕ್ಕೆ ತಗಡು ಹೊದಿಸಿ, ಸುತ್ತ ಗ್ರಿಲ್ ಹಾಕಿ ಜಗಲಿ ಮಾಡಬಹುದೇ?

ಉತ್ತರ: ಅದು ಗಾಳಿ ಬೆಳಕಿಗಾಗಿ ನಿಯಮದ ಪ್ರಕಾರ ತೆರೆದಿಡಬೇಕಾದ ಜಾಗವಾದರೆ ಮುಚ್ಚುವಂತಿಲ್ಲ, ಮೆಟ್ಟಿಲನ್ನು ಚರಂಡಿಯ ಮೇಲೆ ಚಾಚುವುದೂ ತಪ್ಪು. ಜಗಲಿಯನ್ನು ಮನೆಯೊಳಗಿನಿಂದಲೇ ಪಡೆಯಿರಿ. ಹಾಲ್‌ನ ಒಂದು ಮೂಲೆಯಲ್ಲಿ ಬಾಗಿಲನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿದರೆ, ಇರುವ ಚಾವಣಿಯ ಕೆಳಗೇ ಇಬ್ಬರು ಕೂರುವ ಕಟ್ಟೆಗೆ ಎಡೆಯಾಗುತ್ತದೆ. ಒಡೆಯುವ ಗೋಡೆ ಭಾರ ಹೊರುವಂಥದ್ದೇ ಎಂಬುದನ್ನು ಎಂಜಿನಿಯರ್ ಒಬ್ಬರಿಂದ ನೋಡಿಸಿಕೊಳ್ಳದೆ ಸುತ್ತಿಗೆ ಎತ್ತಬೇಡಿ. ಭದ್ರತೆಯನ್ನು ಒಳಬಾಗಿಲಿಗೂ ಅದರ ಚಿಲಕಕ್ಕೂ ಬಿಟ್ಟು, ಕಟ್ಟೆಯ ಮುಂದೆ ಸೊಂಟದೆತ್ತರದ ಗೇಟು ಮಾತ್ರ ಇರಿಸಿ. ನೆತ್ತಿಯವರೆಗೆ ಗ್ರಿಲ್ ಹಾಕಿ ಬೀಗ ಜಡಿದ ಜಗಲಿಗೆ ನೆರೆಯವರು ಬಂದು ಕೂರುವುದಿಲ್ಲ.