ಜರ್ಮನೀಲಿ ಸೈಟ್ ಅಗೀವಾಗ ಹಳೇ ಬಾಂಬ್ ಸಿಕ್ರೆ ತೆಗೆಸೋದು ಯಾರ ಜವಾಬ್ದಾರಿ?

ಮ್ಯೂನಿಕ್ ಹತ್ರ ಇರೋ ನಿಮ್ಮ ಸೈಟ್ ಸ್ಕ್ಯಾನ್ ಮಾಡ್ದಾಗ ನೆಲದೊಳಗೆ ಎರಡನೇ ಮಹಾಯುದ್ಧದ ಬಾಂಬ್ ಇರಬಹುದು ಅಂತ ಸಿಗ್ನಲ್ ಬಂದಿದೆ, ಖರ್ಚೆಲ್ಲಾ ನಿಮ್ದೇ ಅಂತ ಕಾಂಟ್ರಾಕ್ಟರ್ ಹೇಳ್ತಿದ್ದಾರೆ ಅಂದ್ರಿ. ಅವ್ರು ಎರಡು ಬೇರೆ ಬೇರೆ ಖರ್ಚನ್ನ ಬೆರೆಸಿ ಹೇಳ್ತಿದ್ದಾರೆ ಅನ್ಸುತ್ತೆ. ಮ್ಯೂನಿಕ್ ಇರೋ ಬವೇರಿಯಾ ರಾಜ್ಯದಲ್ಲಿ ಮಣ್ಣೊಳಗೆ ಬಾಂಬ್ ಇದೆಯಾ ಅಂತ ಹುಡುಕಿಸೋ ಖರ್ಚು ಜಾಗದ ಓನರ್‌ದು, ಆದ್ರೆ ಸಿಕ್ಕಿದ ಬಾಂಬನ್ನ ನಿಷ್ಕ್ರಿಯ ಮಾಡಿ ಸಾಗಿಸೋದು ರಾಜ್ಯ ಸರ್ಕಾರದ ಬಾಂಬ್ ವಿಲೇವಾರಿ ತಂಡದ ಕೆಲಸ, ಅದಕ್ಕೆ ನಿಮಗೆ ಬಿಲ್ ಬರಲ್ಲ. ಜರ್ಮನಿಯ ಇನ್ನೊಂದು ರಾಜ್ಯ ನಾರ್ತ್ ರೈನ್ ವೆಸ್ಟ್‌ಫಾಲಿಯಾ ಕಡೆ ಇರೋರು ಹೇಳೋ ಲೆಕ್ಕ ನಂಬ್ಬೇಡಿ, ಅಲ್ಲಿ ನಿಯಮಾನೇ ಬೇರೆ.

ಈಗ ಸ್ಕ್ಯಾನ್‌ನಲ್ಲಿ ಬಂದಿರೋದು ಬರೀ ಸಿಗ್ನಲ್ ಅಷ್ಟೇ, ಹಳೇ ಪೈಪ್ ಇದ್ರೂ ಹಂಗೇ ತೋರಿಸುತ್ತೆ. ಮೊದಲು ಆ ಜಾಗದಲ್ಲಿ ಜೆಸಿಬಿ, ಡ್ರಿಲ್ಲಿಂಗ್ ಎಲ್ಲಾ ನಿಲ್ಸಿ, ಆಮೇಲೆ ಸ್ಫೋಟಕ ಕಾಯ್ದೆ ಪ್ರಕಾರ ಪರ್ಮಿಟ್ ಇರೋ ಕಂಪನಿ ಕೈಲೇ ಅಗೆಸಿ ನೋಡ್ಸಿ, ಕಾಂಟ್ರಾಕ್ಟರ್ ಹುಡುಗ್ರು 'ನಾವೇ ನಿಧಾನಕ್ಕೆ ಕೆರೀತೀವಿ' ಅಂದ್ರೆ ಒಪ್ಲೇಬೇಡಿ. 2021ರ ಡಿಸೆಂಬರ್‌ನಲ್ಲಿ ಮ್ಯೂನಿಕ್‌ನಲ್ಲೇ ರೈಲ್ವೆ ಕಾಮಗಾರಿಗೆ ಡ್ರಿಲ್ ಮಾಡ್ವಾಗ 250 ಕೆಜಿ ಬಾಂಬ್ ಸಿಡಿದು ನಾಲ್ಕು ಜನಕ್ಕೆ ಗಾಯ ಆಗಿತ್ತು.

ಬಾಂಬೇ ಅಂತ ಗೊತ್ತಾದ್ರೆ ಮುಟ್ದೆ ಎಲ್ರನ್ನೂ ದೂರ ಕಳ್ಸಿ ಪೊಲೀಸ್ ತುರ್ತು ನಂಬರ್ 110ಕ್ಕೆ ಫೋನ್ ಮಾಡಿ. ಪೊಲೀಸ್ರೇ ಆ ತಂಡ ಕರೆಸ್ತಾರೆ, ಅಕ್ಕಪಕ್ಕದ ಮನೆ ಖಾಲಿ ಮಾಡ್ಸೋದೂ ಅಧಿಕಾರಿಗಳ ತಲೆನೋವು, ನಿಮ್ದಲ್ಲ.

ಕೆಲ್ಸ ನಿಂತಿದ್ದ ದಿನಗಳ ಮೆಷಿನ್ ಬಾಡಿಗೆ ಮಾತ್ರ ನಿಮ್ಮ ಮೇಲೆ ಬರೋ ಚಾನ್ಸ್ ಇದೆ, ನಿಮ್ಮ ಅಗ್ರಿಮೆಂಟ್ ನಾನು ನೋಡಿಲ್ಲ, ಅದ್ರಲ್ಲಿ ನೆಲದ ರಿಸ್ಕ್ ಯಾರ್ದು ಅಂತ ಬರೆದಿರೋ ಕಲಂ ಹುಡುಕಿ, ದುಡ್ಡು ಕೊಡೋ ಮುಂಚೆ ವಕೀಲರಿಗೆ ತೋರ್ಸಿ. ಸ್ಕ್ಯಾನ್ ರಿಪೋರ್ಟ್ ಕಾಪಿ ಇವತ್ತೇ ಇಸ್ಕೊಳ್ಳಿ.