ಮೈಕ್ ಜಾಸ್ತಿ ಇದ್ದರೆ ಮಾತು ಜಾಸ್ತಿ ಕೇಳುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹೈಸ್ಕೂಲು. ವಾರ್ಷಿಕೋತ್ಸವಕ್ಕೆ ಹದಿನಾಲ್ಕು ಮಕ್ಕಳ ನಾಟಕ ಮಾಡಿಸುತ್ತಿದ್ದೇನೆ. ಕಳೆದ ವರ್ಷ ಸ್ಟೇಜಿನ ಮೇಲಿಂದ ನಾಲ್ಕು ಮೈಕ್ ಇಳಿಬಿಟ್ಟಿದ್ದೆವು. ಹಿಂದೆ ಕೂತವರಿಗೆ ಮಾತೇ ಕೇಳಲಿಲ್ಲ. ಸೌಂಡ್ ಜಾಸ್ತಿ ಮಾಡಿದರೆ ಕುಂಯ್ ಅಂತ ಕೂಗುತ್ತಿತ್ತು. ಈ ಸಲ ಹಳೆಯ ವಿದ್ಯಾರ್ಥಿಗಳು ದುಡ್ಡು ಕೊಡುತ್ತೇವೆ ಎಂದಿದ್ದಾರೆ. ದೊಡ್ಡ ಮಿಕ್ಸರ್ (ಎಲ್ಲ ಮೈಕುಗಳ ಸದ್ದನ್ನು ಏರಿಸಿ ಇಳಿಸುವ ಪೆಟ್ಟಿಗೆ) ತೆಗೆದುಕೊಳ್ಳಲಾ, ಇನ್ನೂ ನಾಲ್ಕು ಮೈಕ್ ತರಿಸಲಾ?
– ಒಬ್ಬ ಶಿಕ್ಷಕಿ

ಉತ್ತರ: ಎರಡೂ ಬೇಡ ಮೇಡಂ. ದುಡ್ಡು ಸದ್ಯಕ್ಕೆ ಹಾಗೇ ಇರಲಿ.

ಬಾಯಿಂದ ಮೈಕಿಗೆ 1 ಅಡಿ ಇದ್ದದ್ದು 2 ಅಡಿಯಾದರೆ ಮೈಕಿಗೆ ಸಿಗುವ ಮಾತು 6 ಡೆಸಿಬಲ್ ಇಳಿಯುತ್ತದೆ. 4 ಅಡಿಗೆ 12, 8 ಅಡಿಗೆ 18. ನಿಮ್ಮ ಮೈಕುಗಳು ಮಕ್ಕಳ ತಲೆಯಿಂದ ಎಷ್ಟೋ ಮೇಲೆ ನೇತಾಡುತ್ತಿದ್ದವು, ಅಲ್ವಾ? ಆ ಕೊರತೆ ತುಂಬಲು ಸೌಂಡ್ ಏರಿಸಿದಿರಿ. ಆಗ ಸ್ಪೀಕರಿನ ಸದ್ದು ಮತ್ತೆ ಅದೇ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಬಂದು, ಸುತ್ತು ಹೊಡೆಯಿತು. ಕುಂಯ್ ಅಂದದ್ದು ಅದೇ. ತೆರೆದ ಮೈಕುಗಳು ಎರಡರಷ್ಟಾದಾಗಲೆಲ್ಲ, ಕೂಗುವ ಮುಂಚೆ ಏರಿಸಲು ಇರುವ ಜಾಗ ಸುಮಾರು 3 ಡೆಸಿಬಲ್ ಕಡಿಮೆಯಾಗುತ್ತದೆ. ನಾಲ್ಕನ್ನು ಎಂಟು ಮಾಡಿದರೆ ಇನ್ನೂ ಬೇಗ ಕೂಗುತ್ತದೆ.

ಮೂರೇ ಮೈಕ್ ಇಡಿ, ಸ್ಟೇಜಿನ ಮುಂದಿನ ಅಂಚಿನಲ್ಲಿ, ದೂರ ದೂರ. ಸ್ಟ್ಯಾಂಡ್ ಬೇಡ. ತೆಳುವಾದ ಸ್ಪಂಜಿನ ತುಂಡು ಹಾಸಿ, ಮೈಕಿನ ತಲೆ ನೆಲಕ್ಕೆ ತಾಗೀತೋ ಏನೋ ಅನ್ನುವಷ್ಟು ತಗ್ಗಿಸಿ, ಮಕ್ಕಳ ಕಡೆ ಮುಖಮಾಡಿ ಮಲಗಿಸಿ. ಎತ್ತರದಲ್ಲಿಟ್ಟರೆ ನೆಲಕ್ಕೆ ಬಡಿದು ಬರುವ ಮಾತು ಸ್ವಲ್ಪ ತಡವಾಗಿ ಸೇರಿ ಡಬ್ಬದೊಳಗಿನ ದನಿಯ ಹಾಗೆ ಕೇಳುತ್ತದೆ. ಹಲಗೆ ಸ್ಟೇಜಾದರೆ ಹೆಜ್ಜೆಯ ದಡಬಡ ಬರುತ್ತದೆ. ಮಿಕ್ಸರಿನಲ್ಲಿ ಲೋ ಕಟ್ ಗುಂಡಿ (ತಗ್ಗಿನ ಗುಡುಗುಡು ಸದ್ದನ್ನು ತಡೆಯುವುದು) ಇದ್ದರೆ ಒತ್ತಿ, ಬಾಸ್ ಇಳಿಸಿ. ಸ್ಪೀಕರುಗಳು ಮೈಕಿನ ಸಾಲಿಗಿಂತ ಮುಂದೆ, ಜನರ ಕಡೆ ಇರಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಮಿಕ್ಸರ್ ಮುಂದೆ ಕೂರುವವರಿಗೆ ನಾಟಕ ಪೂರ್ತಿ ಗೊತ್ತಿರಬೇಕು. ಮೈಕ್ ಸೆಟ್ ತರುವ ಅಣ್ಣನಿಗೆ ವೈರು, ಆಂಪ್ಲಿಫೈಯರ್ ಎಲ್ಲ ಚೆನ್ನಾಗಿ ಗೊತ್ತು. ಆದರೆ ಮುಂದಿನ ಮಾತು ಯಾರದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಎಲ್ಲ ಮೈಕನ್ನೂ ತೆರೆದಿಟ್ಟು ಕೂರುತ್ತಾರೆ. ನೀವು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ತಾಲೀಮಿನ ಮೊದಲ ದಿನದಿಂದಲೇ ಈ ಕೆಲಸಕ್ಕೆ ಕೂರಿಸಿ. ನಾಟಕದ ಪ್ರತಿ, ಒಂದು ಪೆನ್ಸಿಲ್ ಕೊಡಿ. ಎಡ, ನಡು, ಬಲ ಮೈಕಿಗೆ ಎ, ನ, ಬ. ಪ್ರತಿ ಮಾತಿನ ಪಕ್ಕ ಅದು ಯಾವ ಮೈಕಿನದು ಅಂತ ಅವಳೇ ಬರೆದುಕೊಳ್ಳಲಿ. ಅಜ್ಜಿ ಪಾತ್ರ ಎಡಗಡೆಯಿಂದ ಬರುವಾಗಲೇ ಹುಡುಗಿಯ ಬೆರಳು ‘ಎ’ ಫೇಡರ್ (ಆ ಮೈಕಿನ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಮೇಲೆ ಇರಬೇಕು. ಅಜ್ಜಿ ಬಾಯಿ ತೆರೆಯುವ ಮೊದಲೇ ಅದು ಏರಿರಬೇಕು. ತಡವಾದರೆ ಮೊದಲ ಪದ ನುಂಗಿಹೋಗುತ್ತದೆ. ಅಜ್ಜಿ ಒಳಗೆ ಹೋದಮೇಲೆ ಇಳಿಸಬೇಕು. ಮಿಕ್ಸರಿನ ಹುಡುಗಿಯನ್ನು ಪರದೆ ಹಿಂದೆ ಕೂರಿಸಬೇಡಿ, ಜನರ ನಡುವೆ ಕೂರಿಸಿ. ಜನರಿಗೆ ಕೇಳಿದ್ದೇ ಅವಳಿಗೂ ಕೇಳಬೇಕು. ಸಾಗರ, ಹೊಸನಗರದ ಕಡೆ ಶಾಲೆಗಳಲ್ಲಿ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುವುದನ್ನು ನೋಡಿದ್ದೇನೆ. ಸ್ಟೇಜ್ ಹತ್ತಲು ನಾಚುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಇಲ್ಲ.

ಜಾಸ್ತಿ ಮಾತಿರುವ ಇಬ್ಬರಿಗೆ ಬೇಕಾದರೆ ಕಾಲರ್ ಮೈಕ್ ಬಾಡಿಗೆಗೆ ತನ್ನಿ. ಎದೆಗೆ ಸಿಕ್ಕಿಸಬೇಡಿ. ಸೆರಗು ತಾಗಿದರೆ ಗರಗರ, ಮುಖ ತಿರುಗಿಸಿದರೆ ಮಾತು ಮಾಯ. ಹಣೆಯ ಮೇಲೆ, ಕೂದಲಿನ ಅಂಚಿಗೆ ಟೇಪ್ ಹಾಕಿ ಕೂರಿಸಿ. ಸೆಲ್ ಹೊಸದೇ ಇರಲಿ.

ನಿರೂಪಣೆಗೆ ಅಂತ ಎಕೋ ಹಾಕಿಟ್ಟಿರುತ್ತಾರೆ. ನಾಟಕಕ್ಕೆ ಅದನ್ನು ಪೂರ್ತಿ ತೆಗೆಸಿ. ನಮ್ಮ ಒತ್ತಕ್ಷರಗಳೆಲ್ಲ ಎಕೋದಲ್ಲಿ ಕರಗಿಹೋಗುತ್ತವೆ.

ತಾಲೀಮು ಮಾತ್ರ ಮೈಕ್ ಇಲ್ಲದೇ ನಡೆಯಲಿ. ನೀವು ಕೊನೆಯ ಬೆಂಚಿನಲ್ಲಿ ಕೂತು ಕೇಳಿ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಹತ್ತಿರ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಆ ನಟರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಸಾಲಿನ ಕೊನೆಯ ಪದವನ್ನು ಹೇಗೆ ಬೀಳಿಸದೆ ಹಿಡಿಯುತ್ತಾರೆ, ನೋಡಲಿ. ಗೊಣಗಿದ ಮಾತನ್ನು ಯಾವ ಮಿಕ್ಸರೂ ಬಿಡಿಸಿ ಕೊಡುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಯಕ್ಷಗಾನ ಪ್ರಸಂಗ ಇದೆ. ಚೆಂಡೆಗೂ ಮೈಕ್ ಬೇಕಾ?
– ಹತ್ತನೇ ತರಗತಿ ವಿದ್ಯಾರ್ಥಿ, ಸಾಗರ

ಉತ್ತರ: ಶಾಲೆಯ ಹಾಲಿನಲ್ಲಿ ಬೇಡ ತಮ್ಮಾ. ಚೆಂಡೆ ತಾನೇ ಕೇಳುತ್ತದೆ, ಸಾಲದ್ದಕ್ಕೆ ಭಾಗವತರ ಮೈಕಿಗೂ ನುಗ್ಗುತ್ತದೆ. ಮಾಮೂಲಿ ಕೈ ಮೈಕಿಗೆ ಬೆನ್ನಿನ ಕಡೆಯ ಸದ್ದು ಕಡಿಮೆ ಕೇಳುತ್ತದೆ. ಹಾಗಾಗಿ ಮೈಕಿನ ಬಾಲ ಚೆಂಡೆ ಕಡೆ ಬರುವಂತೆ ಸ್ಟ್ಯಾಂಡ್ ತಿರುಗಿಸಿ, ತಲೆ ಭಾಗವತರ ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಇಡು. ಮದ್ದಳೆಗೆ ಒಂದು ಮೈಕ್ ಉಳಿದಿದ್ದರೆ ಕೊಡಬಹುದು, ಆದರೆ ಅರ್ಥಗಾರಿಕೆ ಶುರುವಾದ ಕೂಡಲೇ ಅದನ್ನು ಇಳಿಸು.